ಕಟ್ಟೆ ಎಷ್ಟೈತೆ?

ಪೇಪರು ಕೈಗೆ ಬಂದ ಕೂಡಲೇ ನಾನು ಹುಡುಕುವುದು ಒಂದು ಚಿಕ್ಕ ಚೌಕವನ್ನು. ಮಳೆಗಾಲದಲ್ಲಿ ಅದಕ್ಕೆ ಮುಖಪುಟಕ್ಕೆ ಬಡ್ತಿ, ಬೇಸಿಗೆಯಲ್ಲಿ ಟೆಂಡರ್ ಪ್ರಕಟಣೆಗಳ ಪಕ್ಕದಲ್ಲೆಲ್ಲೋ ಜಾಗ. ಜಲಾಶಯದ ಹೆಸರು, ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಕೆಆರ್‌ಎಸ್, ಅಂದರೆ ಕಾವೇರಿಗೆ ಕಟ್ಟಿದ ಕನ್ನಂಬಾಡಿ ಕಟ್ಟೆಯ ಸಾಲಿನ ಮೇಲೆ ಕಣ್ಣಾಡಿಸದೆ ನನಗೆ ಕಾಫಿ ಒಳಗಿಳಿಯುವುದಿಲ್ಲ. ಹಾಗೆ ನೋಡಿದರೆ ಮೈಸೂರಿನ ಕುವೆಂಪುನಗರದ ಮಹಡಿ ಮನೆಯಲ್ಲಿ ಕೂತ ನನಗೆ ಆ ಅಂಕಿಯಿಂದ ಆಗಬೇಕಾದ್ದು ಏನೂ ಇಲ್ಲ. ಕಟ್ಟೆ ತುಂಬಿದರೂ ಸಂಬಳ ಬರುತ್ತದೆ, ಒಣಗಿದರೂ ಬರುತ್ತದೆ. ಊರಿನ ಗದ್ದೆಯನ್ನು ಅಣ್ಣ ನೋಡಿಕೊಳ್ಳುತ್ತಾನೆ. ವರ್ಷಕ್ಕಿಷ್ಟು ಅಂತ ಅಕ್ಕಿ ಕಳಿಸುತ್ತಾನೆ, ನಾನು ಸಂಕೋಚವಿಲ್ಲದೆ ಇಳಿಸಿಕೊಳ್ಳುತ್ತೇನೆ. "ನಿಮಗಿದು ಕ್ರಿಕೆಟ್ ಸ್ಕೋರ್ ಇದ್ದ ಹಾಗೆ ಅಪ್ಪ, ಆಡೋರು ಬೇರೆ ಯಾರೋ" ಎಂದು ಮಗಳು ಒಂದು ದಿನ ಅಂದಳು. ತಮಾಷೆಗೇ ಅಂದದ್ದು. ಆದರೆ ಆ ಮಾತು ಮನಸ್ಸು ಬಿಟ್ಟು ಹೋಗಲೊಲ್ಲದು.

ಆ ಚೌಕವನ್ನು ಸರಿಯಾಗಿ ನೋಡಿದವರಿಗೆ ಒಂದು ವಿಚಿತ್ರ ಗೊತ್ತಿರುತ್ತದೆ. ಕಬಿನಿಗೆ 2,284 ಅಡಿ, ಹಾರಂಗಿಗೆ 2,859, ಹೇಮಾವತಿಗೆ 2,922. ಇವೆಲ್ಲ ಸಮುದ್ರ ಮಟ್ಟದಿಂದ ಎಣಿಸಿದ ಲೆಕ್ಕ. ಕೆಆರ್‌ಎಸ್‌ಗೆ ಮಾತ್ರ 124.80. ಅದರ ಎಣಿಕೆ ಬುಡದಿಂದ. ಹಾಗಾಗಿಯೇ ಇರಬೇಕು, ಕಬಿನಿಯ ಮಟ್ಟವನ್ನು ಬಾಯಿಪಾಠ ಹೇಳುವವರು ನನಗೆ ಸಿಕ್ಕಿಲ್ಲ. ಕನ್ನಂಬಾಡಿ ಕಟ್ಟೆಯದನ್ನು ಮಂಡ್ಯದಲ್ಲಿ ಹಾಲು ಹಾಕುವ ಹುಡುಗನೂ ಹೇಳುತ್ತಾನೆ. ಇನ್ನೊಂದು ಸಂಗತಿಯನ್ನು ಆ ಚೌಕ ಬಾಯಿಬಿಟ್ಟು ಹೇಳುವುದಿಲ್ಲ. ನೂರು ಅಡಿ ಎಂದ ತಕ್ಷಣ ಹೊಸಬರು ಮುಕ್ಕಾಲು ಕಟ್ಟೆ ತುಂಬಿತು ಎಂದುಕೊಳ್ಳುತ್ತಾರೆ. ತುಂಬಿದಾಗ ಅದರಲ್ಲಿ ನಿಲ್ಲುವುದು 49 ಟಿಎಂಸಿ ಚಿಲ್ಲರೆ; ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ನೂರು ಅಡಿಯಲ್ಲಿ ಇರುವುದು ಅದರ ಅರ್ಧಕ್ಕೂ ಕಡಿಮೆ. ಕೆಳಗೆ ಕಿರಿದು, ಮೇಲಕ್ಕೆ ಹೋದಂತೆ ಹರವು. ಕೊನೆಯ ಒಂದೊಂದು ಅಡಿಯೂ ಒಂದು ಟಿಎಂಸಿಗಿಂತ ಹೆಚ್ಚು ನೀರು ಕೇಳುತ್ತದೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ; 11,574 ಕ್ಯೂಸೆಕ್ ಒಳಹರಿವು ಹಗಲು ರಾತ್ರಿ ಪೂರ್ತಿ ಬಂದರೆ ಒಂದು ಟಿಎಂಸಿ. ಈ ಲೆಕ್ಕವನ್ನು ನಾನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ.

ಹೋಟ್ಲು ಮುಂದಿನ ಸ್ಲೇಟು

ನಮ್ಮೂರು ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ್ದು, ಮದ್ದೂರು ದಾಟಿ ಮಳವಳ್ಳಿ ಕಡೆಗೆ. ಊರಿಗೆ ಬರುತ್ತಿದ್ದದ್ದು ಒಂದೇ ಪೇಪರು, ಅದೂ ಹೋಟೆಲಿಗೆ. ಮೊದಲ ಬಸ್ಸಿನಿಂದ ಕಂಡಕ್ಟರ್ ಅದನ್ನು ಎಸೆದು ಹೋದ ಮೇಲೆ ಹಾಳೆಗಳು ಬೆಂಚಿನ ಮೇಲೆ ಹಂಚಿಹೋಗುತ್ತಿದ್ದವು. ಸಿನಿಮಾ ಪುಟ ಹುಡುಗರಿಗೆ, ರಾಜಕೀಯ ಪಂಚಾಯ್ತಿಯವರಿಗೆ. ಕಟ್ಟೆ ಇರುವ ಹಾಳೆ ಮಾತ್ರ ರಿಟೈರಾದ ಮೇಷ್ಟ್ರ ಕೈಯಲ್ಲೇ ಇರಬೇಕು, ಅವರು ಗಟ್ಟಿಯಾಗಿ ಓದಬೇಕು, ಅಷ್ಟು ಹೊತ್ತು ಯಾರೂ ಗ್ಲಾಸು ಸದ್ದು ಮಾಡಬಾರದು.

ನಮ್ಮ ತಾತನಿಗೆ ಸಹಿ ಹಾಕುವುದರ ಆಚೆ ಅಕ್ಷರ ಬರುತ್ತಿರಲಿಲ್ಲ. ಆದರೆ ಮೇಷ್ಟ್ರನ್ನು ಕೇಳುವ ಪ್ರಶ್ನೆಗಳಿಗೆ ಒಂದು ಕ್ರಮವಿತ್ತು.

"ಕಟ್ಟೆ ಎಷ್ಟೈತೆ?"

"ತೊಂಬತ್ತಾರು ಪಾಯಿಂಟು ನಾಕು."

"ನೆನ್ನೆ?"

"ತೊಂಬತ್ತೈದು ಚಿಲ್ರೆ."

"ಒಳಕ್ಕೆ ಏಟು ಬತ್ತಾದೆ?"

"ಒಂಬತ್ತು ಸಾವ್ರ."

"ಮಡಿಕೇರಿಲಿ ಮಳೆ?"

ಮಡಿಕೇರಿಯ ಉತ್ತರ ಬಂದ ಮೇಲೆ ತಾತ ಬೀಡಿಯನ್ನು ಬೆಂಚಿನ ಕಾಲಿಗೆ ಒತ್ತಿ ಆರಿಸಿ, ಉಳಿದ ಅರ್ಧವನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ಹೆಬ್ಬೆರಳಿನಿಂದ ಉಳಿದ ಬೆರಳುಗಳ ಗೆಣ್ಣು ಮುಟ್ಟುತ್ತಾ ಏನೋ ಗುಣಿಸುತ್ತಿದ್ದ. ಪುನರ್ವಸು ಮಳೆ ಕೊಡಗಿನಲ್ಲಿ ಹಿಡಿದರೆ ಎಷ್ಟು ದಿನಕ್ಕೆ ನೂರು ದಾಟುತ್ತದೆ, ದಾಟಿದ ಮೇಲೆ ನಾಲೆಗೆ ಬಿಡಲು ಎಷ್ಟು ದಿನ ಸಭೆ ನಡೆಸುತ್ತಾರೆ, ಬಿಟ್ಟ ನೀರು ನಮ್ಮ ತೂಬಿಗೆ ಬರಲು ಇನ್ನೆಷ್ಟು ದಿನ. ಅದಕ್ಕೆ ತಕ್ಕ ಹಾಗೆ ಒಟ್ಲು, ಅಂದರೆ ಭತ್ತದ ಸಸಿ ಮಡಿ. ಬೇಗ ಒಟ್ಲು ಬಿಟ್ಟರೆ ಪೈರು ಬಲಿತು ನಾಟಿಗೆ ಬಾರದು, ತಡವಾದರೆ ಭತ್ತ ತೆನೆ ಕಟ್ಟುವ ಹೊತ್ತಿಗೆ ಚಳಿ. ಆ ಅಂಕಿಯ ಮೇಲೆ ಬಿತ್ತನೆ ಚೀಲದ ಬಾಯಿ ಬಿಚ್ಚುವುದು ಮಾತ್ರ ನಿಂತಿರಲಿಲ್ಲ. ಅತ್ತೆಯ ಮದುವೆ ಮಾತುಕತೆ ಒಂದು ವರ್ಷ ನಿಂತದ್ದೂ ಅದರಿಂದಲೇ. ಬಡ್ಡಿಗೆ ಕೊಡುವವನೂ ಮದ್ದೂರಿನಲ್ಲಿ ಕೂತು ಅದೇ ಪೇಪರು ಓದುತ್ತಿದ್ದ; ಕಟ್ಟೆ ಏರುವಾಗ ಅವನ ಮುಖ ಒಂದು ಥರ, ಇಳಿಯುವಾಗ ಇನ್ನೊಂದು ಥರ.

ಹೋಟೆಲಿನವನು ಬಾಗಿಲ ಪಕ್ಕ ಒಂದು ಸ್ಲೇಟು ನೇತುಹಾಕಿದ್ದ. ಮೇಲೆ ಕಟ್ಟೆಯ ಮಟ್ಟ, ಕೆಳಗೆ ಇಡ್ಲಿ, ಬೋಂಡ, ಟೀ ರೇಟು. ದಿನಾ ಪೂರ್ತಿ ಅಳಿಸುತ್ತಿರಲಿಲ್ಲ. ಒದ್ದೆ ಬೆರಳಿನಿಂದ ಚುಕ್ಕಿಯ ಆಚೆಗಿನ ಅಂಕಿಯನ್ನಷ್ಟೇ ಒರೆಸಿ ಹೊಸದು ಬರೆಯುತ್ತಿದ್ದ. ಹಾಗಾಗಿ ಸ್ಲೇಟಿನ ಬಲಗಡೆಯ ಒಂದು ಅಂಗುಲ ಜಾಗ ಸವೆದು ಬೆಳ್ಳಗಾಗಿತ್ತು. ಚುಕ್ಕಿಯ ಎಡಗಡೆಯ ಅಂಕಿ ಬದಲಾದ ದಿನ ಆಚೀಚೆ ಮನೆಯವರೂ ಬಂದು ನೋಡಿ ಹೋಗುತ್ತಿದ್ದರು. ನೂರು ಮುಟ್ಟಿದ ದಿನ ಅವನು ಟೀಗೆ ಕಾಸು ತೆಗೆದುಕೊಳ್ಳಲಿಲ್ಲ ಅಂತ ತಾತ ಹೇಳುತ್ತಿದ್ದ. ನಾನು ನೋಡಿದ ಹಾಗೆ ಅವನು ಸಾಲ ಕೂಡ ಕೊಡುವ ಆಸಾಮಿಯಲ್ಲ.

ಪುಸ್ತಕದೊಳಗಿನ ಕಟ್ಟೆ

ಕಾಲೇಜಿಗೆಂದು ಮೈಸೂರಿಗೆ ಬಂದ ಮೇಲೆ ಕಟ್ಟೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ವಿಶ್ವೇಶ್ವರಯ್ಯನವರು ತಮ್ಮ ವೃತ್ತಿಜೀವನದ ನೆನಪುಗಳನ್ನು ಇಂಗ್ಲಿಷಿನಲ್ಲಿ ಬರೆದು 1951ರಲ್ಲಿ ಪ್ರಕಟಿಸಿದರು, ಆಗ ಅವರಿಗೆ ತೊಂಬತ್ತು. ಬರವಣಿಗೆ ವರದಿಯ ಧಾಟಿಯದು, ಭಾವುಕತೆಗೆ ಅಲ್ಲಿ ಜಾಗ ಕಡಿಮೆ. ಕಟ್ಟೆಯ ಕಥೆ ಗದ್ದೆಯಿಂದ ಶುರುವಾದದ್ದಲ್ಲ ಎಂಬುದು ನನಗೆ ಗೊತ್ತಾದದ್ದು ಹೀಗೆ ಓದುವಾಗಲೇ. 1902ರಿಂದ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಕರೆಂಟೂ ಸೊರಗುತ್ತದೆ, ಆದ್ದರಿಂದ ಮೇಲೆ ಎಲ್ಲಾದರೂ ನೀರು ಹಿಡಿದಿಡಬೇಕು. ನೀರಾವರಿಯ ದೊಡ್ಡ ಕನಸು ಇದರ ಜೊತೆಗೆ ಸೇರಿಕೊಂಡಿತು.

1911ರಲ್ಲಿ ಕೆಲಸ ಶುರುವಾದಾಗ ಮದ್ರಾಸಿನವರ ತಕರಾರಿನಿಂದ ಒಪ್ಪಿಗೆ ಸಿಕ್ಕಿದ್ದು ಕಡಿಮೆ ಎತ್ತರಕ್ಕೆ. ವಿಶ್ವೇಶ್ವರಯ್ಯನವರು ಬುಡವನ್ನು ಮಾತ್ರ ಪೂರ್ತಿ ಎತ್ತರಕ್ಕೆ ಆಗುವಷ್ಟು ಅಗಲದಲ್ಲೇ ಹಾಕಿಸಿದರು. ಒಪ್ಪಂದ ಕುದುರಿದ್ದು 1924ರಲ್ಲಿ. ಅಷ್ಟರೊಳಗೆ ಅವರು ದಿವಾನಗಿರಿ ಬಿಟ್ಟು ಐದು ವರ್ಷ ದಾಟಿತ್ತು. ಇಡೀ ಕಟ್ಟೆಯ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಈ ಬುಡದ ಹಟ. ಸಿಮೆಂಟು ಬದಲು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆ ಬಳಸಿದ್ದು ಎಲ್ಲರಿಗೂ ಗೊತ್ತು, ಶಾಲಾ ಪ್ರವಾಸದ ಗೈಡು ಹೇಳುವ ಮೊದಲ ಮಾತೇ ಅದು. ಆಮೇಲೆ ಇರ್ವಿನ್ ನಾಲೆ, ಈಗ ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರು. ಹುಲಿಕೆರೆಯ ಗುಡ್ಡದೊಳಗೆ ಸುರಂಗ ಕೊರೆದು ಅದನ್ನು ಮಂಡ್ಯದ ಬಯಲಿಗೆ ಹರಿಸಿದರು. 1933ರಲ್ಲಿ ಸಕ್ಕರೆ ಕಾರ್ಖಾನೆ, 1939ರಲ್ಲಿ ಮೈಸೂರಿನಿಂದ ಬೇರೆಯಾದ ಮಂಡ್ಯ ಜಿಲ್ಲೆ. ರಾಗಿ, ಹುರುಳಿಯ ಸೀಮೆ ಒಂದೇ ತಲೆಮಾರಿನಲ್ಲಿ ಕಬ್ಬು ಭತ್ತದ ಸೀಮೆಯಾಯಿತು. ನಾಲೆಯ ಹಿಂದೆಯೇ ಚಳಿಜ್ವರವೂ ಬಂತು ಎಂದು ಅಜ್ಜಿ ಹೇಳುತ್ತಿದ್ದಳು. ಹೊಸ ನೀರಿನ ಜೊತೆಗೆ ಮಲೇರಿಯಾ ಹರಡಿದ್ದು ಆ ಕಾಲದ ದಾಖಲೆಗಳಲ್ಲೂ ಇದೆ, ಆದರೆ ಭಾಷಣಗಳಲ್ಲಿ ಇಲ್ಲ.

ಭಾಷಣ ಎಂದಾಗ ನೆನಪಾಯಿತು. ಕಟ್ಟೆ ಕಟ್ಟಿದ್ದು ಯಾರು ಎಂಬ ಜಗಳ ಈಚೆಗೆ ವರ್ಷಕ್ಕೊಮ್ಮೆ ಏಳುತ್ತದೆ. ಒಂದು ಕಡೆಯವರು ಕಟ್ಟೆಯ ಬಳಿಯಿರುವ ಟಿಪ್ಪುವಿನ ಕಾಲದ ಪಾರಸಿ ಶಾಸನ ತೋರಿಸುತ್ತಾರೆ. ಇನ್ನೊಂದು ಕಡೆಯವರು ನಾಲ್ವಡಿಯವರ ಹೆಸರು ಹೇಳಿ, ಅರಮನೆಯ ಒಡವೆ ಮಾರಿದ ಕಥೆಗೆ ಬರುತ್ತಾರೆ. ಮತ್ತೊಬ್ಬರು ಎಂಜಿನಿಯರರ ಪರ. ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ವಡಿ ಮತ್ತು ವಿಶ್ವೇಶ್ವರಯ್ಯ ಇಬ್ಬರ ಪಟವೂ ಮಾದಪ್ಪನ ಎರಡೂ ಪಕ್ಕದಲ್ಲಿದ್ದವು. ತಾತ ಮೂವರಿಗೂ ಒಂದೇ ಊದುಬತ್ತಿ ಬೆಳಗುತ್ತಿದ್ದ. ನನಗೆ ಆ ಜಗಳದಲ್ಲಿ ಆಸಕ್ತಿ ಇಲ್ಲ. ಸುರ್ಕಿ ಅರೆದವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ ಎಂಬುದನ್ನಷ್ಟೇ ಗಮನಿಸಿದ್ದೇನೆ.

ಓದಿದ ಪುಸ್ತಕಗಳಲ್ಲಿ ಕಟ್ಟೆ ಎಂದರೆ ಎತ್ತರ. ಎಷ್ಟು ಅಡಿ ಕಟ್ಟಲು ಬಿಟ್ಟರು, ಎಷ್ಟು ಅಡಿ ಕಟ್ಟಿದರು. ತಾತನ ಬಾಯಲ್ಲಿ ಅದು ನೀರಿನ ಆಳ. ಅಡಿ ಎರಡಕ್ಕೂ ಒಂದೇ. ಮೂರನೆಯ ಅರ್ಥವೊಂದು ಇದೆ ಎಂದು ನನಗೆ ಗೊತ್ತಾದದ್ದು 2024ರ ಬೇಸಿಗೆಯಲ್ಲಿ.

ಹಿನ್ನೀರಿನ ಕಡೆಯಿಂದ

ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಮಟ್ಟ ತೊಂಬತ್ತರ ಕೆಳಗೆ ಇಳಿದಿತ್ತು. ಒಂದು ಭಾನುವಾರ ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನಕ್ಕೆ ಹೋಗಿದ್ದೆವು. ಹೊಯ್ಸಳರ ಕಾಲದ ಆ ಗುಡಿ ಕಟ್ಟೆ ಕಟ್ಟಿದಾಗ ಮುಳುಗಿ, ಬರಗಾಲ ಬಂದಾಗಷ್ಟೇ ತಲೆ ಎತ್ತಿ, ಕೊನೆಗೆ ಈ ಶತಮಾನದ ಆರಂಭದಲ್ಲಿ ಕಲ್ಲು ಕಲ್ಲಾಗಿ ಬಿಚ್ಚಿ ದಡಕ್ಕೆ ತಂದು ಮರಳಿ ಜೋಡಿಸಿದ್ದು. ಚೆನ್ನಾಗಿದೆ, ಸ್ವಲ್ಪ ಜಾಸ್ತಿಯೇ ಅಚ್ಚುಕಟ್ಟಾಗಿದೆ. ಜನ ಪ್ರಾಕಾರದ ಸಾಲು ಕಂಬಗಳ ನಡುವೆ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಹಿಂಬದಿಗೆ ಹೋಗಿ ನೀರು ಹಿಂದೆ ಸರಿದ ಬಯಲಿಗೆ ಇಳಿದೆ.

ಮಣ್ಣು ಅಂಗೈಯಗಲದ ಹೆಂಟೆಗಳಾಗಿ ಒಡೆದು, ಒಂದೊಂದು ಹೆಂಟೆಯ ಅಂಚೂ ಮೇಲಕ್ಕೆ ಸುರುಳಿಕೊಂಡಿತ್ತು. ಕಾಲಿಟ್ಟರೆ ಮೇಲ್ಪದರ ಚಟ್ ಎಂದು ಮುರಿದು ಒಳಗೆ ಇನ್ನೂ ತೇವ. ಅಲ್ಲಲ್ಲಿ ಸತ್ತ ಕಪ್ಪೆಚಿಪ್ಪು. ನೀರಿನಂಚಿನ ಹಸಿರಿನಲ್ಲಿ ಕುರಿ ಮೇಯುತ್ತಿದ್ದವು, ಮೇಯಿಸುವ ಮುದುಕ ಕೊಡೆ ಬಿಚ್ಚಿಕೊಂಡು ಸಾಲು ಕಲ್ಲೊಂದರ ಮೇಲೆ ಕೂತಿದ್ದ. ಅದು ಮನೆಯ ತಳಪಾಯದ ಕಲ್ಲು ಎಂದು ಅವನು ಹೇಳಿದ ಮೇಲೆಯೇ ನನಗೆ ಕಂಡದ್ದು. ಆಮೇಲೆ ಕಾಣುತ್ತಲೇ ಹೋಯಿತು: ಒಂದು ಮೂಲೆ, ಒಂದು ಬಾಗಿಲಿನ ಅಗಲ, ಹೂಳು ತುಂಬಿದ ಒಂದು ಬಾವಿ. "ಇದು ಯಾರ ಮನೆ ಗೊತ್ತಿಲ್ಲ. ನಮ್ದು ಆಚೆಗೆ, ಇನ್ನೂ ನೀರೊಳಗೇ ಐತೆ" ಎಂದ. ಅವನು ಹುಟ್ಟಿದ್ದು ಹೊಸ ಊರಿನಲ್ಲಿ. ಹಳೇ ಊರು ಅವನ ತಾತನದು. ಎಷ್ಟು ಅಡಿಗೆ ಇಳಿದರೆ ಯಾವ ಕಲ್ಲು ಬಯಲಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಇಷ್ಟಕ್ಕೆ ಇಳಿದರೆ ಬಾವಿ, ಇನ್ನಷ್ಟು ಇಳಿದರೆ ಹಳೇ ದಾರಿ, ಅದರ ಕೆಳಗೆ ಅವರ ಗದ್ದೆಯ ಬದು.

"ಈ ಸಲ ಬತ್ತದೆ ಅನ್ಕಂಡಿದ್ದೆ," ಅಂದ. ಬದು ಮೇಲೆ ಬರುತ್ತದೆ ಎಂದು. ಎದುರಿಗೆ ನಿಂತ ನಾನು ನಾಲೆಯ ಕಡೆಯವನು. ಅವನಿಗೆ ಬದು ಕಾಣಬೇಕಾದರೆ ಅಣ್ಣನ ಗದ್ದೆಗೆ ಇನ್ನೊಂದು ಬೆಳೆ ಇಲ್ಲ. ಇಬ್ಬರಿಗೂ ಇದು ಗೊತ್ತಾಯಿತು ಅನ್ನಿಸುತ್ತದೆ. ಯಾವ ಊರು ಅಂತ ಕೇಳಿದ, ಹೇಳಿದೆ. "ಓ, ಕೆಳಗ್ಲವ್ರು" ಎಂದು ನಕ್ಕ. ಕುರಿಗೆ ಬಂದಿರುವ ರೇಟಿನ ಬಗ್ಗೆ ಮಾತಾಡಿದೆವು. ಅವನೂ ಪೇಪರಿನ ಆ ಚೌಕವನ್ನು ದಿನಾ ಓದಿಸಿ ಕೇಳುತ್ತಾನಂತೆ.

ಮೇಜಿನ ಆಚೆ ಬದಿ

ಇನ್ನೊಬ್ಬರು ಓದುಗರ ಬಗ್ಗೆ ಬರೆಯದಿದ್ದರೆ ಆಗದು. ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವರು ತಂಜಾವೂರು ಕಡೆಯವರು. ಮೈಸೂರಿಗೆ ಬಂದು ಬಹಳ ಕಾಲವಾಗಿ ಕನ್ನಡ ನನಗಿಂತ ಸ್ಪಷ್ಟ. ಅವರ ಫೋನಿನಲ್ಲಿ ಬೆಳಿಗ್ಗೆ ಮೊದಲು ತೆರೆಯುವುದು ಮೆಟ್ಟೂರಿನ ಮಟ್ಟ, ತಮಿಳುನಾಡಿನಲ್ಲಿ ಕಾವೇರಿಗೆ ಕಟ್ಟಿದ ಅಣೆಕಟ್ಟಿನದು. ಅಲ್ಲಿ ಗರಿಷ್ಠ 120 ಅಡಿ, ಅಂದರೆ ನಮ್ಮ ಕಟ್ಟೆಗಿಂತ ಐದು ಅಡಿಯಷ್ಟು ಕಡಿಮೆ, ಆದರೆ ಹಿಡಿಯುವ ನೀರು ಸುಮಾರು ಎರಡರಷ್ಟು, 93 ಟಿಎಂಸಿ. ಜೂನ್ 12ಕ್ಕೆ ಅಲ್ಲಿ ತೂಬು ಎತ್ತುವುದು ವಾಡಿಕೆ. ಆ ತಾರೀಖಿನಂದು ತೆರೆಯದಿದ್ದರೆ ಅವರ ಅಪ್ಪ ಊಟಕ್ಕೆ ಏಳುತ್ತಿರಲಿಲ್ಲವಂತೆ.

2023ರ ಸೆಪ್ಟೆಂಬರಿನಲ್ಲಿ ಕೆಆರ್‌ಎಸ್ ನೂರರ ಕೆಳಗಿತ್ತು. ತಮಿಳುನಾಡಿಗೆ ನೀರು ಬಿಡುವುದನ್ನು ವಿರೋಧಿಸಿ ಮಂಡ್ಯದಲ್ಲಿ ದಿನಾ ರಸ್ತೆ ತಡೆ, 29ನೇ ತಾರೀಖು ಕರ್ನಾಟಕ ಬಂದ್. ನಾವಿಬ್ಬರೂ ಡಬ್ಬಿ ಬಿಚ್ಚಿ ಎದುರೆದುರು ಕೂತು ಮಕ್ಕಳ ಪರೀಕ್ಷೆ, ಲಿಫ್ಟಿನ ರಿಪೇರಿ, ಎಲ್ಲ ಮಾತಾಡಿದೆವು, ಅದೊಂದನ್ನು ಬಿಟ್ಟು. 2018ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಸಾಮಾನ್ಯ ವರ್ಷದಲ್ಲಿ ತಮಿಳುನಾಡಿನ ಗಡಿಯ ಬಿಳಿಗುಂಡ್ಲುವಿನ ಮಾಪಕದಲ್ಲಿ 177.25 ಟಿಎಂಸಿ ಕಾಣಬೇಕು. ಸಾಮಾನ್ಯ ವರ್ಷಕ್ಕೆ ಅಂಕಿ ಇದೆ, ಬರಗಾಲದ ವರ್ಷಕ್ಕೆ ಇರುವುದು ಸಭೆ. ಒಂದು ಮಧ್ಯಾಹ್ನ ಅವರೇ ಕೇಳಿದರು, "ನಿಮ್ಮ ಅಣ್ಣನ ಪೈರು ಹೇಗಿದೆ?" ಒಂದಷ್ಟು ದಿನ ಬಿಟ್ಟು ಒಂದಷ್ಟು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನೀರು ಕೊಡುತ್ತಿದ್ದಾರೆ, ಕೊನೆಯವರಿಗೆ ಮುಟ್ಟುತ್ತಿಲ್ಲ ಎಂದೆ. "ನಮ್ಮದೂ ಕೊನೆ ಭಾಗವೇ" ಎಂದರು. ಮಂಡ್ಯದ ಕೊನೆ, ಅಲ್ಲಿಯ ಕೊನೆ. ಅವತ್ತು ಅವರು ತಂದಿದ್ದ ಪುಳಿಯೋಗರೆ ಮೇಲುಕೋಟೆಯದಕ್ಕೆ ಸಮ ಇಲ್ಲ ಎಂದು ನಾನು ವಾದ ಹೂಡಿದೆ. ಆ ಜಗಳ ಇಬ್ಬರಿಗೂ ಬೇಕಾಗಿತ್ತು.

ರಾತ್ರಿ ಪಾಳಿ

2025ರಲ್ಲಿ ಕಟ್ಟೆ ಜೂನ್ ತಿಂಗಳಲ್ಲೇ ತುಂಬಿತು. ಎಷ್ಟೋ ದಶಕಗಳಲ್ಲಿ ಕಾಣದ ಸಂಗತಿ ಎಂದು ಪೇಪರುಗಳು ದೊಡ್ಡ ಅಕ್ಷರದಲ್ಲಿ ಬರೆದವು, ಮುಖ್ಯಮಂತ್ರಿಗಳು ಬಾಗಿನ ಬಿಟ್ಟರು. ನಾನು 124.80 ಎಂಬ ಅಂಕಿಯ ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. ಅವನಿಂದ ಉತ್ತರ ಬಾರದೆ, ಸಂಜೆ ಫೋನು ಮಾಡಿದೆ. "ಟಿವಿಲಿ ನೋಡ್ದೆ ಕಣ, ಗೇಟಲ್ಲಿ ಹಾಲ್ನೊರೆ ಥರ ಬೀಳ್ತಾದೆ. ನಮ್ ಕಾಲ್ವೇಲಿ ಜೊಂಡೈತೆ," ಅಂದ.

ಕಟ್ಟೆ ತುಂಬುವುದು ಒಂದು, ನಾಲೆ ಹರಿಯುವುದು ಇನ್ನೊಂದು, ತೂಬಿಗೆ ಬರುವುದು ಮತ್ತೊಂದು. ಮೇಲಿನ ಊರಿನವರು ಭತ್ತದ ಮೇಲೆ ಭತ್ತ ಹಾಕುತ್ತಾರೆ, ಪಂಪು ಇಟ್ಟು ನಾಲೆಯಿಂದಲೇ ಎತ್ತುತ್ತಾರೆ; ನಾವೇ ಮೇಲಿದ್ದಿದ್ದರೆ ನಾವೂ ಹಾಗೇ ಮಾಡುತ್ತಿದ್ದೆವು. ಮಟ್ಟದ ಜೊತೆಗೆ ಇನ್ನೊಂದು ಸಾಲು ಪೇಪರಿನಲ್ಲಿ ಬರಲಿ ಎಂದು ನನಗೆ ಆಸೆ: ಇಂದು ನೀರು ಯಾವ ಊರಿನ ತೂಬಿನ ತನಕ ಮುಟ್ಟಿತು. ಬಾಗಿನದ ಫೋಟೋಗಿಂತ ಕಡಿಮೆ ಜಾಗ ಸಾಕು. ಅಣ್ಣ ಅದನ್ನು ಈಗಾಗಲೇ ಮಾಡುತ್ತಾನೆ. ಪಂಪ್‌ಸೆಟ್ ಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ವರ್ಷ, ತಾರೀಖು, ಪಕ್ಕದಲ್ಲಿ ಒಂದು ಗೆರೆ. ಗೆರೆ ಉದ್ದ ಇದ್ದರೆ ನೀರು ಜೋರು. 2023ರ ಎದುರಿಗೆ ಗೆರೆ ಇಲ್ಲ.

ಮಳೆಗಾಲದ ನಡುವೆ ನಾಟಿಗೆಂದು ಊರಿಗೆ ಹೋದಾಗ ನೀರು ಬಂದದ್ದು ರಾತ್ರಿ. ನಡುರಾತ್ರಿ ದಾಟಿದ ಮೇಲೆ ಅಣ್ಣ ಎಬ್ಬಿಸಿ ಟಾರ್ಚು ಕೈಗೆ ಕೊಟ್ಟ. ತೂಬಿನ ಹತ್ತಿರ ಮೇಲಿನ ಗದ್ದೆಯ ಇಬ್ಬರು ಗುದ್ದಲಿ ಹಿಡಿದು ಮೊದಲೇ ನಿಂತಿದ್ದರು, ನಮ್ಮ ಕಡೆಯ ಮಡೆಗೆ ಮಣ್ಣು ಎಳೆದಾಗಿತ್ತು. ಮಾತಿಗೆ ಮಾತು ಬೆಳೆಯಿತು. ತಾತನ ಕಾಲದ ಪಾಳಿ ಯಾರದು ಎಂಬುದರಿಂದ ಹಿಡಿದು ಹೋದ ವರ್ಷದ ಬದುವಿನ ತೆಂಗಿನ ಮರದವರೆಗೆ ಎಲ್ಲ ಬಂದುಹೋಯಿತು. ನೀರು ಮಾತ್ರ ಯಾರ ಮಾತೂ ಕೇಳದೆ ಅವರ ಗದ್ದೆಗೆ ಇಳಿಯುತ್ತಲೇ ಇತ್ತು. ಕೊನೆಗೆ ಅವರು ಒಂದು ರಾಜಿಗೆ ಬಂದರು: ರಾತ್ರಿ ನಮಗೆ, ಹಗಲು ನಿಮಗೆ. ನಿದ್ದೆಗಣ್ಣಿನಲ್ಲಿದ್ದ ನನಗೆ ಇದಕ್ಕಿಂತ ಒಳ್ಳೆಯ ಮಾತಿಲ್ಲ ಅನ್ನಿಸಿತು. ಅಣ್ಣನೂ ತಲೆಯಾಡಿಸಿದ.

ಅಷ್ಟು ಹೊತ್ತಿಗೆ ಅತ್ತಿಗೆ ಕಾಲುದಾರಿಯಲ್ಲಿ ಬಂದಳು. ರಾಜಿಯ ವಿಷಯ ಕೇಳಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಾಟಿ ಹೆಂಗಸ್ರು ಏಳು ಗಂಟೆಗೆ ಬತ್ತಾರೆ. ಬರೋ ಹೊತ್ಗೆ ಗದ್ದೇಲಿ ನೀರು ನಿಂತಿರ್ಬೇಕು. ಹಗಲೆಲ್ಲ ನೀರು ಬುಟ್ಕಂಡು ಕೂತ್ರೆ ಅವ್ರ ಕೂಲಿ ಯಾರ್ ಕೊಡ್ತೀರಿ, ನೀವಾ?" ಮೇಲಿನ ಗದ್ದೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಮನೆಯ ಹೆಂಗಸರೂ ಅದೇ ನಾಟಿ ಗುಂಪಿನಲ್ಲಿದ್ದರು. ಮೂರರಿಂದ ಏಳರವರೆಗೆ ನಮಗೆ, ಆಮೇಲೆ ಅವರಿಗೆ ಎಂದು ಗೊತ್ತಾಯಿತು. ಅಣ್ಣ ಗುದ್ದಲಿಯಿಂದ ಮಡೆ ಬಿಚ್ಚಿದ. ಅತ್ತಿಗೆ ನನ್ನ ಕೈಯಿಂದ ಟಾರ್ಚು ಕಿತ್ತುಕೊಂಡು, ಹೋಗಿ ಒಲೆಗೆ ಉರಿ ಹಾಕು, ಹತ್ತು ಜನಕ್ಕೆ ಮುದ್ದೆ ಆಗಬೇಕು ಅಂದಳು.